ಬಿಯರಿನಲ್ಲಿ ತೊಳೆದುಹೋದ ರುಜು

ಒರೂರೊ ಪಟ್ಟಣದ ಸಾನ್ ಒನೊರಾತೊ ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಕಚೇರಿ ಹುಟ್ಟಿದ್ದು ಒಂದು ಊಟದ ಮೇಜಿನ ಮೇಲೆ. ಮಾನ್ಯತೆ ಕೊಡಲು ಲಾ ಪಾಸ್‌ನಿಂದ ಬಂದಿದ್ದ ಮೂವರು ಪರಿಶೀಲಕರಲ್ಲಿ ಒಬ್ಬರು, "ನಿಮ್ಮಲ್ಲಿ ಅಂತರರಾಷ್ಟ್ರೀಯ ಕಚೇರಿ ಇದೆ ತಾನೆ?" ಎಂದು ಕೇಳಿದರು. ಬಾಯಿ ತುಂಬ ಕುರಿಮಾಂಸ ಇಟ್ಟುಕೊಂಡಿದ್ದ ಆಗಿನ ಕುಲಪತಿಗಳಿಗೆ ವಿವರಣೆ ಕೊಡಲು ಸ್ಥಳಾವಕಾಶ ಇರಲಿಲ್ಲ. ಹೌದೆಂದು ತಲೆ ಆಡಿಸಿಬಿಟ್ಟರು. ಮರುದಿನವೇ ಕೆಟ್ಟ ಝೆರಾಕ್ಸ್ ಯಂತ್ರ ಇಟ್ಟಿದ್ದ ಕೋಣೆಯ ಬಾಗಿಲಿಗೆ ಹೊಸ ಬೋರ್ಡು ಬಿತ್ತು. ಬೋರ್ಡಿನ ಹಿಂದೆ ಕೂರಲು ಒಂದು ಜೀವ ಬೇಕಲ್ಲ? ಬೆರಳಚ್ಚು ವಿಭಾಗದ ಕಾಸಿಮಿರಾ ಕೊಂದಾರ್ಕೊ ಒಮ್ಮೆ ಗಡಿಯ ಸೇತುವೆ ದಾಟಿ ಅರ್ಜೆಂಟೀನಾಕ್ಕೆ ಹೋಗಿ, ಎರಡು ಕಂಬಳಿ ಕೊಂಡು, ಅದೇ ಮಧ್ಯಾಹ್ನ ವಾಪಸು ಬಂದಿದ್ದಳು ಎಂಬುದು ಯಾರಿಗೋ ನೆನಪಾಯಿತು. ಇಡೀ ವಿಶ್ವವಿದ್ಯಾಲಯದಲ್ಲಿ ಅಷ್ಟು ವಿದೇಶ ಅನುಭವ ಇದ್ದವರು ಬೇರೆ ಯಾರೂ ಇರಲಿಲ್ಲ.

ಹೀಗೆ ಕಾಸಿಮಿರಾ ಆ ಕಚೇರಿಯ ಮುಖ್ಯಸ್ಥೆ, ಗುಮಾಸ್ತೆ, ಕಸ ಗುಡಿಸುವವಳು ಎಲ್ಲವೂ ಆದಳು. ಹನ್ನೊಂದು ವರ್ಷ ಕಳೆಯಿತು. ಗೋಡೆಯ ಮೇಲೆ "ಜಗತ್ತೇ ನಿಮ್ಮ ತರಗತಿ" ಎಂಬ ಪೋಸ್ಟರು ಮೂರು ಸಲ ಬಣ್ಣಗೆಟ್ಟು ಮೂರು ಸಲ ಬದಲಾಯಿತು. ನಲವತ್ತು ದೇಶಗಳ ಬಾವುಟಗಳು ಪೆಟ್ಟಿಗೆಯಲ್ಲಿ ಸೇರಿಕೊಂಡವು. ಹನ್ನೆರಡು ಒಪ್ಪಂದಗಳು ಕಟ್ಟು ಹಾಕಿಸಿಕೊಂಡು ಕುಲಪತಿಗಳ ಕೋಣೆಯಲ್ಲಿ ನೇತಾಡಿದವು. ಇಷ್ಟೆಲ್ಲ ಆದರೂ ಒಬ್ಬನೇ ಒಬ್ಬ ವಿದ್ಯಾರ್ಥಿಯೂ ಇನ್ನೂ ಗಡಿ ದಾಟಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದು ಇಂಥದಕ್ಕೇ. ಕಾಸಿಮಿರಾಳಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ವರ್ಷಕ್ಕೊಮ್ಮೆ ವರದಿ ಟೈಪು ಮಾಡುವಾಗ "ಹೊರಹೋದ ವಿದ್ಯಾರ್ಥಿಗಳು" ಎಂಬ ಸಾಲಿನ ಎದುರು ಸೊನ್ನೆ ಒತ್ತುವ ಬೆರಳು ಅವಳದೇ ಆಗಿತ್ತು, ಮತ್ತು ಪ್ರತಿ ಸಲವೂ ಅವಳಿಗೆ ನಾಚಿಕೆಯಾಗುತ್ತಿತ್ತು.

ಆ ಸೊನ್ನೆಯನ್ನು ಮುಚ್ಚಲು ನವೆಂಬರಿನಲ್ಲಿ ಅಂತರರಾಷ್ಟ್ರೀಯ ಶಿಕ್ಷಣ ಸಪ್ತಾಹ ಬರುತ್ತಿತ್ತು. ಚೀಟಿ ಎತ್ತಿ ಒಂದೊಂದು ವಿಭಾಗಕ್ಕೆ ಒಂದೊಂದು ದೇಶ. ಪಶುವೈದ್ಯದವರಿಗೆ ಸತತ ಮೂರು ವರ್ಷ ಜರ್ಮನಿಯೇ ಬಂದಿದ್ದರಿಂದ ಜರ್ಮನಿಯ ವಿಷಯದಲ್ಲಿ ಅವರು ಪಂಡಿತರಾಗಿದ್ದರು, ಎಂದರೆ ಬಾವುಟದ ಬಣ್ಣಗಳನ್ನು ಮೇಲೆ ಕೆಳಗೆ ಮಾಡದೆ ಕಟ್ಟುತ್ತಿದ್ದರು. ಜಪಾನಿನ ಮಳಿಗೆಯಲ್ಲೂ ಫ್ರಾನ್ಸಿನ ಮಳಿಗೆಯಲ್ಲೂ ಸಿಗುತ್ತಿದ್ದದ್ದು ನಮ್ಮದೇ ಒಣಮಾಂಸ ಮತ್ತು ಬೇಯಿಸಿದ ಮೆಕ್ಕೆಜೋಳ. ಕೊನೆಗೆ ಬ್ಯಾಂಡು ಶುರುವಾದರೆ ಎಲ್ಲ ದೇಶಗಳೂ ಒಂದೇ ಕಾರ್ನಿವಲ್ ಕುಣಿತ ಕುಣಿಯುತ್ತಿದ್ದವು. ಹಾಜರಿ ಪಟ್ಟಿಗೆ ಸಹಿ ಹಾಕದವರಿಗೆ ಅಂಕ ಕಡಿತ ಇದ್ದುದರಿಂದ ಜಾಗತಿಕ ಪ್ರಜ್ಞೆ ಎಲ್ಲರಲ್ಲೂ ಉಕ್ಕಿ ಹರಿಯುತ್ತಿತ್ತು.

ಸಪ್ತಾಹಕ್ಕೆ ವಿಶ್ವವಿದ್ಯಾಲಯ ಕೊಡುತ್ತಿದ್ದದ್ದು ಆಶೀರ್ವಾದ ಮಾತ್ರ. ಉಳಿದದ್ದನ್ನೆಲ್ಲ ನಮ್ಮೂರಿನ ಪದ್ಧತಿಯಂತೆ ಖರ್ಚು ಹೊರುವ ಧರ್ಮತಂದೆ ಧರ್ಮತಾಯಿಯರನ್ನು ಹಿಡಿದು ಹೊಂದಿಸಬೇಕಿತ್ತು. ಮಗುವಿನ ನಾಮಕರಣಕ್ಕೆ, ಮದುವೆಗೆ, ಹೊಸ ಲಾರಿಗೆ ಧರ್ಮತಂದೆ ಇರುವ ಹಾಗೆ ಸಪ್ತಾಹಕ್ಕೂ ಮೇಜುಬಟ್ಟೆಯ ಧರ್ಮತಾಯಿ, ಧ್ವನಿವರ್ಧಕದ ಧರ್ಮತಂದೆ, ಕೇಕಿನ ಧರ್ಮತಾಯಿ. ಸಪ್ತಾಹಕ್ಕೆಂದು ವಿದ್ಯಾರ್ಥಿನಿಯರಲ್ಲೇ ಆರಿಸಿದ ಅಂತರರಾಷ್ಟ್ರೀಯ ರಾಣಿಗೆ ಕಿರೀಟದ ಧರ್ಮತಂದೆ ಬೇರೆ. ಕಾಸಿಮಿರಾ ಬೀದಿಯಲ್ಲಿ ಬರುವುದನ್ನು ಕಂಡರೆ ಅಂಗಡಿಯವರು ಬಾಗಿಲು ಎಳೆದುಕೊಳ್ಳುತ್ತಿದ್ದರು.

ಸಪ್ತಾಹ ಇಲ್ಲದ ದಿನಗಳಲ್ಲಿ ಅವಳು ತಳಮಟ್ಟದ ಪ್ರಚಾರ ಮಾಡುತ್ತಿದ್ದಳು. ಕುಲಪತಿಗಳ ಭಾಷಣದಲ್ಲಿ ಅದರ ಹೆಸರು ಹಾಗೆ. ನಿಜದಲ್ಲಿ ಅದು ಗಣಿ ಕೆಲಸಗಾರರ ಬಡಾವಣೆಯ ಸಭೆಯಲ್ಲಿ ಮರದ ಬೆಂಚಿನ ಮೇಲೆ ಕೋಕಾ ಎಲೆ ಅಗಿಯುತ್ತ ಮೂರು ಗಂಟೆ ಕೂರುವುದು. ಚರಂಡಿಯ ಜಗಳ ಮುಗಿದು, ನೀರಿನ ಜಗಳ ಮುಗಿದು, ಅಧ್ಯಕ್ಷರು "ಕೊನೇದಾಗಿ ಈ ದೋನ್ಯಾ ಏನೋ ಹೇಳ್ಬೇಕಂತೆ, ಬೇಗ ಹೇಳ್ಲಿ" ಎಂದಾಗ ಈ ದೋನ್ಯಾ, ಅಂದರೆ ಅಮ್ಮಾವರು, ಎದ್ದು ನಿಲ್ಲುವುದು. ಅಷ್ಟರಲ್ಲಿ ಅರ್ಧ ಜನ ಎದ್ದು ಹೋಗಿರುತ್ತಿದ್ದರು. ಉಳಿದವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ನೀವು ಯಾರನ್ನ ಕಳ್ಸಿದೀರಿ ದೋನ್ಯಾ? ಒಬ್ಬರ ಹೆಸರು ಹೇಳಿ ನೋಡೋಣ." ಕಾಸಿಮಿರಾ ಪೋಸ್ಟರು ಹಂಚಿ ಮನೆಗೆ ಹೋಗುತ್ತಿದ್ದಳು.

ಹನ್ನೊಂದನೆಯ ವರ್ಷ ಒಂದು ನಿಜವಾದ ಸೀಟು ಬಂತು. ಚಿಲಿಯ ಇಕೀಕೆ ಬಂದರಿನ ಒಂದು ಕಾಲೇಜಿನಲ್ಲಿ ಲೋಹಶಾಸ್ತ್ರ ಓದಲು ಒಂದು ಸೆಮಿಸ್ಟರ್, ಊಟ ವಸತಿ ಅವರದೇ. ಅದಕ್ಕೆ ತಕ್ಕ ಹುಡುಗಿಯೂ ಇದ್ದಳು, ಯೊವಾನಾ ಕಾಲಿಸಾಯಾ. ಪ್ರಯೋಗಾಲಯದ ಕುಲುಮೆ ಕೆಟ್ಟಾಗ ಮೇಷ್ಟ್ರುಗಳು ಅವಳನ್ನು ಕರೆಯುತ್ತಿದ್ದರು. ಚಿಲಿಯವರ ಪರೀಕ್ಷೆಯಲ್ಲಿ ಮೊದಲಿಗಳಾಗಿ ಬಂದಿದ್ದಳು. ಕುಲಪತಿಗಳ ರುಜು ಬಿದ್ದ ನಾಮನಿರ್ದೇಶನದ ಅರ್ಜಿ ನವೆಂಬರಿನ ಕೊನೆಯ ಶುಕ್ರವಾರ ಸಂಜೆ ಐದರೊಳಗೆ ಫ್ಯಾಕ್ಸಿನಲ್ಲಿ ಇಕೀಕೆ ತಲುಪಿದರೆ ಮುಗಿಯಿತು.

ಈಗಿನ ಕುಲಪತಿ ಡಾಕ್ಟರ್ ಎವಾರಿಸ್ತೊ ಬೆಲ್ಮೊಂತೆ ಅರ್ಜಿಯನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದರು.

"ಇಕೀಕೆಗೆ ಹೇಗೆ ಹೋಗ್ತಾಳಮ್ಮ ಇವಳು?"

"ಬಸ್ಸಲ್ಲಿ, ಡಾಕ್ಟರ್. ಬೆಳಿಗ್ಗೆ ಹತ್ತಿದ್ರೆ ಸಂಜೆಗೆ ಹೋಗಿ ಸೇರ್ಕೋಬಹುದು."

"ಬಸ್ಸಲ್ಲಿ ಹೋಗೋದೂ ಒಂದು ಅಂತರರಾಷ್ಟ್ರೀಯವಾ? ವಿಮಾನದ ಮೆಟ್ಟಿಲ ಮೇಲೆ ಒಂದು ಫೋಟೋನಾದ್ರೂ ಬೇಡ್ವಾ?" ಎಂದು ಅರ್ಜಿಯನ್ನು ಪಕ್ಕಕ್ಕೆ ಸರಿಸಿದರು. ಸ್ವಲ್ಪ ಯೋಚಿಸಿ, "ಇರ್ಲಿ, ಸಪ್ತಾಹದ ಕೊನೇ ದಿನ ವೇದಿಕೆ ಮೇಲೆ ರುಜು ಹಾಕ್ತೀನಿ. ಜನ ನೋಡ್ಲಿ" ಎಂದರು.

"ಇವತ್ತೇ ಹಾಕ್ಬಿಟ್ರೆ..."

"ಯಾರೂ ನೋಡದೆ ಇದ್ರೆ ಅದೆಂಥ ರುಜು?"

ಸಪ್ತಾಹದ ಕೊನೆಯ ದಿನವೂ ಅದೇ ಶುಕ್ರವಾರವಾಗಿತ್ತು. ಆ ಮಧ್ಯಾಹ್ನವೇ ಕುಲಪತಿಗಳು ಶಿಕ್ಷಣದ ಅಂತರರಾಷ್ಟ್ರೀಕರಣದ ಸಮ್ಮೇಳನಕ್ಕೆಂದು ಬಾರ್ಸಿಲೋನಾಕ್ಕೆ ಹೊರಡುವವರಿದ್ದರು. ಸಮ್ಮೇಳನ ಮೂರು ದಿನದ್ದು, ಪ್ರಯಾಣ ಹದಿನಾರು ದಿನದ್ದು.

ದಾಟಬೇಕಾಗಿದ್ದ ಅದಕ್ಕಿಂತ ದೊಡ್ಡ ಗುಡ್ಡ ಯೊವಾನಾಳ ತಾಯಿ ಸಾತುರ್ನಿನಾ. ಮಾರುಕಟ್ಟೆಯಲ್ಲಿ ಮೂವತ್ತು ವರ್ಷದಿಂದ ಆಪಿ ಮಾರುವವಳು. ನೇರಳೆ ಮೆಕ್ಕೆಜೋಳದ ಆ ಬಿಸಿ ಗಂಜಿ ಕುಡಿಯದೆ ಒರೂರೊದಲ್ಲಿ ಯಾರಿಗೂ ಬೆಳಗಾಗುವುದಿಲ್ಲ. ಮಗಳು ತಾಯಿಯ ಮಾತು ಮೀರುವವಳಲ್ಲ. "ಅಮ್ಮ ಹೂಂ ಅನ್ನದೆ ನಾನು ಬಸ್ ಹತ್ತಲ್ಲ ಲಿಸೆನ್ಸಿಯಾದಾ" ಎಂದು ಮೊದಲೇ ಹೇಳಿಬಿಟ್ಟಿದ್ದಳು. ಯಾವ ಪದವಿಯೂ ಇಲ್ಲದ ಕಾಸಿಮಿರಾಳನ್ನು ಪದವೀಧರೆ ಎಂದು ಕರೆಯುತ್ತಿದ್ದದ್ದು ವಿದ್ಯಾರ್ಥಿಗಳ ಸೌಜನ್ಯ.

ಕಾಸಿಮಿರಾ ಮೂರು ವಾರ ದಿನಾ ಬೆಳಿಗ್ಗೆ ಹೋಗಿ ಸಾತುರ್ನಿನಾಳ ಬೆಂಚಿನ ಮೇಲೆ ಕೂತು ಆಪಿ ಕುಡಿದಳು.

"ಚಿಲಿಯವ್ರಂತೆ," ಎಂದಳು ಸಾತುರ್ನಿನಾ, ಮೊದಲ ದಿನ. "ಯುದ್ಧದಲ್ಲಿ ನಮ್ ಸಮುದ್ರ ಕಿತ್ಕೊಂಡ್ರು. ಸಾಲ್ದು ಅಂತ ಈಗ ನನ್ ಮಗಳೂ ಬೇಕಾ ಅವ್ರಿಗೆ?"

"ಯುದ್ಧ ಆಗಿದ್ದು ನಿನ್ ಅಜ್ಜನ ಅಜ್ಜನ ಕಾಲದಲ್ಲಿ ಕಸೆರಿತಾ. ಈಗ ಅಲ್ಲಿರೋರು ಆಪಿ ಇಲ್ದೆ ಒದ್ದಾಡ್ತಿರೋ ಪಾಪದ ಜನ," ಎಂದಳು ಕಾಸಿಮಿರಾ. ನಮ್ಮ ಮಾರುಕಟ್ಟೆಯಲ್ಲಿ ಮಾರುವವಳೂ ಖಾಯಂ ಗಿರಾಕಿಯೂ ಒಬ್ಬರನ್ನೊಬ್ಬರು ಕಸೆರಿತಾ ಎಂದೇ ಕರೆಯುವುದು.

"ನೀನು ಹೋಗಿದೀಯಾ ಅಲ್ಲಿಗೆ?"

"ಇಲ್ಲ."

"ಮತ್ತೆ ಯಾವ ಬಾಯಲ್ಲಿ ಹೇಳ್ತೀಯಾ?"

ಮೂರನೆಯ ವಾರ ಸಾತುರ್ನಿನಾ ಸ್ವಲ್ಪ ಮೆತ್ತಗಾದಳು, ಅಥವಾ ಆದಂತೆ ಕಂಡಳು. ಕಾಸಿಮಿರಾಳಿಗೆ ಆಗ ಒಂದು ಉಪಾಯ ಹೊಳೆಯಿತು. ಹೊಸ ಮನೆ, ಹೊಸ ಟ್ಯಾಕ್ಸಿ, ಹೊಸ ಒಲೆ, ಯಾವುದಕ್ಕೇ ಆಗಲಿ ನಾವು ಬಿಯರು ಚಿಮುಕಿಸಿ, ಬಣ್ಣದ ಕಾಗದದ ಚೂರು ತೂರಿ ಭೂತಾಯಿಗೆ ಚಾಲ್ಯ ಮಾಡದೆ ಬಳಸುವುದಿಲ್ಲ. ಅರ್ಜಿಗೂ ಚಾಲ್ಯ ಮಾಡಿಸುವುದು, ಅದನ್ನು ತಾಯಿಯ ಕೈಯಿಂದಲೇ ಮಾಡಿಸುವುದು. ತಾನೇ ಬಿಯರು ಎರೆದು ಹರಸಿದ ಪಯಣಕ್ಕೆ ಯಾವ ತಾಯಿ ಆಮೇಲೆ ಅಡ್ಡ ಬರುತ್ತಾಳೆ? ಹನ್ನೊಂದು ವರ್ಷ ಕಚೇರಿಯಲ್ಲಿ ಕೂತರೆ ಯಾರಿಗಾದರೂ ಒಂದಿಷ್ಟು ರಾಜತಂತ್ರ ಬಂದೇ ಬರುತ್ತದೆ. ಸಾತುರ್ನಿನಾ ಒಪ್ಪಿದಳು. ಒಂದು ಷರತ್ತನ್ನೂ ಹಾಕಲಿಲ್ಲ. ಕಾಸಿಮಿರಾಳಿಗೆ ಅನುಮಾನ ಬರಬೇಕಿದ್ದದ್ದು ಅಲ್ಲೇ.

ಶುಕ್ರವಾರ ಹತ್ತು ಗಂಟೆಗೆ ಅಂಗಳದಲ್ಲಿ ಬ್ಯಾಂಡು ಬಾರಿಸಿತು. ವೇದಿಕೆಯ ಮೇಲೆ ಲೇಸಿನ ಬಟ್ಟೆ ಹಾಸಿದ ಮೇಜು, ಮೇಜಿನ ಮೇಲೆ ಅರ್ಜಿ, ಅರ್ಜಿಯ ಪಕ್ಕದಲ್ಲಿ ವೆಲ್ವೆಟ್ ಡಬ್ಬಿಯೊಳಗೆ ಇಂಕ್ ಪೆನ್ನು. ಪೆನ್ನಿಗೂ ಧರ್ಮತಂದೆ ಇದ್ದ, ಮುಖವಾಡದ ಅಂಗಡಿಯ ದೋನ್ ಲಿಂಬೆರ್. "ಬಾಲ್ ಪೆನ್ನಲ್ಲಿ ಇತಿಹಾಸ ಬರೆಯೋಕಾಗಲ್ಲ ದೋನ್ಯಾ" ಎಂದು ತಾನೇ ನೀಲಿ ಶಾಯಿ ತುಂಬಿ ತಂದುಕೊಟ್ಟಿದ್ದ. ಎಲ್ಲ ಧರ್ಮತಂದೆ ಧರ್ಮತಾಯಿಯರ ಹೆಸರು ಓದಿ ಚಪ್ಪಾಳೆ ತಟ್ಟುವಷ್ಟರಲ್ಲಿ ಹನ್ನೊಂದೂವರೆಯಾಯಿತು. ಅಂತರರಾಷ್ಟ್ರೀಯ ರಾಣಿಯಾಗಿ ಆರಿಸಿಬಂದಿದ್ದ ರೊಕ್ಸಾನಾ ಕಿರೀಟ ತೊಟ್ಟು ಕುಲಪತಿಗಳ ಬಲಕ್ಕೆ ನಿಂತಿದ್ದಳು. ಯೊವಾನಾ ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಪೋರ್ಚುಗಲ್ಲಿನ ಬಾವುಟದ ಹಿಂದೆ ನಿಂತಿದ್ದಳು.

ಕಾಸಿಮಿರಾ ಟೈಪು ಮಾಡಿಕೊಟ್ಟ ಭಾಷಣವನ್ನು ಕುಲಪತಿಗಳು ಮಡಿಸಿ ಜೇಬಿಗೆ ಹಾಕಿಕೊಂಡರು. ಹೃದಯದಿಂದ ಮಾತಾಡುತ್ತೇನೆ ಎಂದರು. ಹೃದಯದಲ್ಲಿ ಹೆಸರುಗಳಿಗೆ ಜಾಗ ಇರಲಿಲ್ಲ. ಕಿರೀಟ ತೊಟ್ಟವಳ ಹೆಗಲ ಮೇಲೆ ಕೈಯಿಟ್ಟು, "ನಮ್ಮ ಈ ಹೆಮ್ಮೆಯ ಮಗಳು ನಾಳೆ ಗಡಿ ದಾಟಿ ಹಾರಲಿದ್ದಾಳೆ" ಎಂದು ಕ್ಯಾಮೆರಾದ ಕಡೆ ನಕ್ಕರು. ರಾಣಿ ತಬ್ಬಿಬ್ಬಾಗಿ ತಾನೂ ನಕ್ಕಳು. ಕಾಸಿಮಿರಾ ವೇದಿಕೆಯ ಕೆಳಗಿನಿಂದ ಕೈಸನ್ನೆ ಮಾಡಿದಳು. ಕುಲಪತಿಗಳು ಅದನ್ನು ಅಭಿಮಾನವೆಂದು ತಿಳಿದು ತಿರುಗಿ ಕೈಬೀಸಿದರು. ಆಮೇಲೆ ಕೂತು, ದೊಡ್ಡ ಸುರುಳಿ ಬಿಟ್ಟು, ಗಾಳಿಯಲ್ಲಿ ಒಮ್ಮೆ ಪೆನ್ನು ಆಡಿಸಿ ರುಜು ಹಾಕಿದರು.

ಈಗ ಚಾಲ್ಯ. ಸಾತುರ್ನಿನಾ ಹೊಸ ಶಾಲು ಹೊದ್ದು, ಟೋಪಿ ನೇರ ಮಾಡಿಕೊಂಡು ವೇದಿಕೆ ಹತ್ತಿದಳು. ಪದ್ಧತಿಯಂತೆ ಮೇಜಿನ ನಾಲ್ಕು ಕಾಲುಗಳಿಗೆ ನಾಲ್ಕು ಹನಿ, ಭೂತಾಯಿಗೆ ಒಂದು ಗುಟುಕು ಬಿಟ್ಟರೆ ಆಯಿತು. ಅವಳು ನಾಲ್ಕು ಕಾಲಿಗೂ ಹನಿಸಿದಳು. ಭೂತಾಯಿಗೆ ಬಿಟ್ಟಳು. ಉಳಿದ ಬಾಟಲಿಯನ್ನು ಅರ್ಜಿಯ ಮೇಲೆ ಬಗ್ಗಿಸಿದಳು.

ಜನ ಚಪ್ಪಾಳೆ ತಟ್ಟಿದರು. ಇಷ್ಟು ಧಾರಾಳವಾದ ಚಾಲ್ಯವನ್ನು ಯಾರೂ ನೋಡಿರಲಿಲ್ಲ. ಬ್ಯಾಂಡು ಮತ್ತೆ ಶುರುವಾಯಿತು, ಬಣ್ಣದ ಚೂರುಗಳು ಹಾರಿದವು. ಕಾಸಿಮಿರಾ ಓಡಿಹೋಗಿ ಅರ್ಜಿ ಎತ್ತಿದಾಗ ಟೈಪಾದ ಅಕ್ಷರಗಳೆಲ್ಲ ಭದ್ರವಾಗಿದ್ದವು. ಇತಿಹಾಸ ಬರೆದ ನೀಲಿ ಶಾಯಿ ಮಾತ್ರ ಕಾಗದದ ಅಂಚಿನಿಂದ ಲೇಸಿನ ಬಟ್ಟೆಗೆ ಇಳಿದು, ಅಲ್ಲಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಅವಳು ಒದ್ದೆ ಕಾಗದ ಹಿಡಿದು ಗೇಟಿನ ಕಡೆ ಓಡಿದಳು. ಕುಲಪತಿಗಳು ಆಗಲೇ ಕಾರಿನಲ್ಲಿ ಕೂತಿದ್ದರು.

"ಡಾಕ್ಟರ್, ರುಜು ಹೋಗ್ಬಿಟ್ಟಿದೆ. ಒಂದೇ ಒಂದು ನಿಮಿಷ, ಬೇರೆ ಪ್ರತಿ ತರ್ತೀನಿ."

"ಹಾಕಿದೆನಲ್ಲಮ್ಮ. ಐನೂರು ಜನ ನೋಡಿದ್ದಾರೆ."

"ಇಕೀಕೆಯವ್ರು ನೋಡಿಲ್ಲ, ಡಾಕ್ಟರ್. ಐದು ಗಂಟೆಗೆ..."

"ಫೋಟೋ ಕಳ್ಸಿ. ಫೋಟೋ ಚೆನ್ನಾಗಿ ಬಂದಿದೆ," ಎಂದು ಗಾಜು ಏರಿಸಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಮಾತಿಗೆ ಇದಕ್ಕಿಂತ ಪಕ್ಕಾ ಸಾಕ್ಷಿ ಬೇಡ. ಉಪಕುಲಪತಿ ರುಜು ಹಾಕಬೇಕಾದರೆ ಅಧಿಕಾರ ವಹಿಸಿದ ಪತ್ರ ಬೇಕು. ಆ ಪತ್ರಕ್ಕೆ ರುಜು ಹಾಕಬೇಕಾದವರು ಕಾರಿನಲ್ಲಿ ಧೂಳೆಬ್ಬಿಸಿಕೊಂಡು ಹೋಗುತ್ತಿದ್ದರು.

ಕಾಸಿಮಿರಾ ಕಚೇರಿಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು. ಅತ್ತು ಮುಗಿಸಿ ಇಕೀಕೆಗೆ ಫೋನು ಮಾಡಿದಳು. ಅಲ್ಲಿ ಅವಳಂಥವಳೇ ಒಬ್ಬಳಿದ್ದಳು, ಸೆನ್ಯೋರಾ ಹಿಮೆನಾ. ಸುಳ್ಳು ಹೇಳಲು ತ್ರಾಣ ಇರಲಿಲ್ಲವಾದ್ದರಿಂದ ಕಾಸಿಮಿರಾ ನಡೆದದ್ದನ್ನೆಲ್ಲ ಹೇಳಿದಳು. ಆ ಕಡೆ ಹಿಮೆನಾ ನಗು ತಡೆದುಕೊಳ್ಳುತ್ತಿದ್ದಳು.

"ನೋಡಿ ದೋನ್ಯಾ," ಎಂದಳು ಕೊನೆಗೆ, "ನನ್ ಹತ್ರ ಕಪಾಟು ತುಂಬಾ ಕುಲಪತಿಗಳ ರುಜು ಇದೆ. ಹುಡುಗರಿಗೆ ಜ್ವರ ಬಂದು ಫೋನ್ ಮಾಡಿದ್ರೆ ಒಬ್ಬ ಕುಲಪತೀನೂ ಎತ್ತಲ್ಲ. ಅದು ನಿಧಾನಕ್ಕೆ ಬರ್ಲಿ ಬಿಡಿ. ಅರ್ಜಿ ಕೆಳಗೆ 'ಹೊಣೆ ಹೊರುವವರು' ಅಂತ ಒಂದು ಸಾಲಿದೆ, ಮೊದ್ಲು ಕಳ್ಸಿದ ಕರಡಲ್ಲಿ ನೀವು ಅಲ್ಲಿ ಗೆರೆ ಎಳೆದು ಬಿಟ್ಟಿದೀರಿ. ನಂಗೆ ಬೇಕಾಗಿರೋದು ಅದು. ಯಾರದಾದ್ರೂ ಹೆಸರು, ಮನೆ ವಿಳಾಸ, ಸ್ವಂತ ಫೋನ್ ನಂಬರು. ಅದರ ಕೆಳಗೆ ಮನೆಯವರ ಒಪ್ಪಿಗೆ. ಐದರೊಳಗೆ ಅದೆರಡು ಬಂದ್ರೆ ಸೀಟು ಅವಳದು."

"ಯಾರದಾದ್ರೂ ಅಂದ್ರೆ?"

"ಯಾರಾದ್ರೂ. ಫೋನ್ ಎತ್ತೋರು."

ಕಾಸಿಮಿರಾ ಹೊಸ ಪ್ರತಿ ತೆಗೆದು ಮೇಜಿನ ಮೇಲಿಟ್ಟು ಆ ಖಾಲಿ ಸಾಲನ್ನು ನೋಡುತ್ತ ಕೂತಳು. ಮೂವತ್ತೊಂದು ವರ್ಷದ ನೌಕರಿಯಲ್ಲಿ ಅವಳು ಸಾವಿರಾರು ಕಾಗದ ಟೈಪು ಮಾಡಿದ್ದಳು. ಎಲ್ಲವೂ ಇಂಥ ಡಾಕ್ಟರರ ಅಪ್ಪಣೆಯ ಮೇರೆಗೆ, ಇಂಥ ಡಾಕ್ಟರರ ಪರವಾಗಿ. ತಪ್ಪಾದರೆ ಡಾಕ್ಟರರದು, ಹೊಗಳಿಕೆಯೂ ಡಾಕ್ಟರರದು. ಆ ನೆರಳು ತಂಪಾಗಿತ್ತು. ನಿವೃತ್ತಿಗೆ ಇನ್ನು ನಾಲ್ಕು ವರ್ಷ. ಪರದೇಶದಲ್ಲಿ ಹುಡುಗಿಗೆ ಏನಾದರೂ ಆದರೆ, ಸ್ವಂತ ಹೆಸರಿನಲ್ಲಿ ಹೊಣೆ ಹೊರಲು ನಿನಗೆ ಯಾರು ಹೇಳಿದರು ಎಂದು ಕೇಳಲು ಇದೇ ಡಾಕ್ಟರರು ಬಾರ್ಸಿಲೋನಾದಿಂದಾದರೂ ಓಡಿಬರುತ್ತಾರೆ. ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು. "ಒಬ್ಬರ ಹೆಸರು ಹೇಳಿ ನೋಡೋಣ" ಎಂದು ಕೇಳುತ್ತಿದ್ದ ಸಭೆಗಳ ಮುಂದೆ ನಿಂತಾಗಲೂ ಇಷ್ಟು ಹೆದರಿರಲಿಲ್ಲ. ಆದರೂ ಆ ಸಾಲಿನಲ್ಲಿ ಬರೆದಳು. ಬರೆದ ಮೇಲೆ ನೋಡಿದರೆ ಅವಳ ರುಜು ಶಾಲೆಯ ಹುಡುಗಿಯದರ ಹಾಗೆ ಸೊಟ್ಟಗಿತ್ತು. ಬಳಸಿ ಅಭ್ಯಾಸ ಇಲ್ಲವಲ್ಲ.

ನಾಲ್ಕೂಕಾಲಿಗೆ ಅವಳು ಮಾರುಕಟ್ಟೆಯಲ್ಲಿದ್ದಳು. ಸಾತುರ್ನಿನಾ ಹೊಸ ಶಾಲನ್ನು ಮಡಿಸಿಟ್ಟು ಎಂದಿನಂತೆ ಪಾತ್ರೆಗಳ ಹಿಂದೆ ಕೂತಿದ್ದಳು. ಪಕ್ಕದಲ್ಲಿ ಯೊವಾನಾ ಅತ್ತ ಕಣ್ಣಿನಲ್ಲಿ ಹಿಟ್ಟು ಲಟ್ಟಿಸುತ್ತಿದ್ದಳು.

"ಏನ್ ಕಸೆರಿತಾ, ಒಣಗ್ತಾ ನಿನ್ ಕಾಗದ?" ಎಂದಳು ಸಾತುರ್ನಿನಾ, ತಲೆ ಎತ್ತದೆ.

"ಒಣಗೋಕೆ ಏನೂ ಉಳಿದಿಲ್ಲ. ನಿನ್ ಕೈ ಜಾರಿದ್ದಕ್ಕೆ ನಾನು ಮಧ್ಯಾಹ್ನದಿಂದ ಊಟ ಮಾಡಿಲ್ಲ."

"ಮೂವತ್ತು ವರ್ಷದಿಂದ ಕುದಿಯೋ ಆಪಿ ಬಗ್ಗಿಸ್ತಿದೀನಿ. ಒಂದ್ ತೊಟ್ಟು ಆಚೆ ಬಿದ್ದಿದ್ದು ನೋಡಿದೀಯಾ ನೀನು?"

ಕಾಸಿಮಿರಾ ಬೆಂಚಿನ ಮೇಲೆ ಕೂತಳು. ಯೊವಾನಾಳ ಕೈ ಲಟ್ಟಣಿಗೆಯ ಮೇಲೆ ನಿಂತಿತು.

"ಬೇಕಂತ್ಲೇ ಸುರಿದ್ಯಾ ಅಮ್ಮ?"

"ಮತ್ತಿನ್ನೇನು? ಯಾರು ಕಳಿಸ್ತಾರೆ ನೋಡೋಣ ಅಂತಾನೇ ಒಪ್ಕೊಂಡಿದ್ದೆ. ಆ ಮನುಷ್ಯ ಕಿರೀಟದವಳ ಹೆಗಲ ಮೇಲೆ ಕೈ ಇಟ್ಟು ನಿನ್ನನ್ನ ಕಳ್ಸಿಕೊಟ್ಟ. ನೀನು ಅಲ್ಲೇ ಇದ್ದೆ, ಬಾವುಟದ ಹಿಂದೆ. ಯಾರನ್ನ ಕಳಿಸ್ತಿದೀನಿ ಅಂತಾನೇ ಗೊತ್ತಿಲ್ಲದವನ ರುಜು ಅದು. ನಾಳೆ ಅಲ್ಲಿ ನಿಂಗೇನಾದ್ರೂ ಆದ್ರೆ ನಾನು ಹೋಗಿ ಯಾರನ್ನ ಕೇಳ್ಲಿ? ಫೋಟೋನ ಕೇಳ್ಲಾ?" ಎಂದಳು ಸಾತುರ್ನಿನಾ. ಸೌಟನ್ನು ಪಾತ್ರೆಯ ಅಂಚಿಗೆ ಕುಟ್ಟಿದಳು. "ಹತ್ತು ರುಜು ಹಾಕಿಸ್ಕೊಂಡು ಬಾ, ಹತ್ತೂ ತೊಳೀತೀನಿ."

ಕಾಸಿಮಿರಾಳಿಗೆ ಕೋಪ ಬರಬೇಕಿತ್ತು. ಬರಲಿಲ್ಲ. ಹನ್ನೊಂದು ವರ್ಷದಲ್ಲಿ ಒಪ್ಪಂದದ ಕಾಗದವೊಂದನ್ನು ಇಷ್ಟು ಗಮನವಿಟ್ಟು ನೋಡಿದವರು ಈ ಹೆಂಗಸೊಬ್ಬಳೇ ಎನ್ನಿಸಿತು. ಚೀಲದಿಂದ ಹೊಸ ಪ್ರತಿ ತೆಗೆದು ಯೊವಾನಾಳಿಗೆ ಕೊಟ್ಟಳು.

"ಓದು," ಎಂದಳು ಸಾತುರ್ನಿನಾ.

ಯೊವಾನಾ ಹಿಟ್ಟಿನ ಕೈ ಒರೆಸಿಕೊಂಡು ಓದಿದಳು. "ಡಾಕ್ಟರ್ ಜಾಗ ಖಾಲಿ ಇದೆ ಅಮ್ಮ. ಹೊಣೆ ಹೊರುವವರು, ಕಾಸಿಮಿರಾ ಕೊಂದಾರ್ಕೊ. ರೈಲ್ವೆ ಸ್ಟೇಷನ್ ಹಿಂದಿನ ಬೀದಿ, ಮನೆ ನಂಬರ್ ಎಪ್ಪತ್ತನಾಲ್ಕು. ಫೋನ್ ನಂಬರೂ ಇದೆ."

"ಇದು ಕಚೇರಿ ಫೋನಾ?"

"ನಂದು," ಎಂದಳು ಕಾಸಿಮಿರಾ.

"ಮನೇನೂ ನಿಂದೇನಾ?"

"ಬಾಡಿಗೆದು. ಹದಿನೆಂಟು ವರ್ಷದಿಂದ ಅಲ್ಲೇ ಇದೀನಿ."

ಸಾತುರ್ನಿನಾ ಅವಳ ಮುಖವನ್ನೇ ನೋಡಿದಳು. "ಅಲ್ಲಿ ಇವಳ ಒಂದು ಕೂದಲು ಕೊಂಕಿದ್ರೂ ನಾನು ಬಂದು ನಿನ್ ಬಾಗಿಲ ಮುಂದೆ ಕೂತ್ಕೋತೀನಿ. ಕೂಗಾಡ್ತೀನಿ. ಬೀದಿಯವ್ರೆಲ್ಲ ಬಂದ್ರೂ ಏಳಲ್ಲ."

"ಗೊತ್ತು."

"ಓಡಿಹೋಗಲ್ಲ ತಾನೆ?"

"ಎಲ್ಲಿಗೆ ಹೋಗ್ಲಿ? ನಂಗೆ ಬೇರೆ ಊರೇ ಗೊತ್ತಿಲ್ಲ."

ಗಿರಾಕಿಯೊಬ್ಬ ಎರಡು ಲೋಟ ಆಪಿ ಕೇಳಿದ. ಸಾತುರ್ನಿನಾ ಸ್ವಲ್ಪ ತಾಳು ಎಂದು ಅವನಿಗೆ ಕೈ ತೋರಿಸಿದಳು. ಏಪ್ರನ್ನಿಗೆ ಹೆಬ್ಬೆರಳನ್ನು ಎರಡು ಸಲ ಉಜ್ಜಿ ಒರೆಸಿ, ಮಗಳ ಕಡೆ ನೋಡದೆ, ಕಾಗದದ ಮೇಲೆ ಬಗ್ಗಿದಳು.

"ಎಲ್ಲಿ ಒತ್ಬೇಕು ತೋರ್ಸು," ಎಂದಳು, "ಈ ಕಸೆರಿತಾ ಹೆಸರಿನ ಪಕ್ಕದಲ್ಲೇ ಒತ್ಬೇಕು."